ಮಸೂರಿ ಮೂಟೆಯೊಳಗಿನ ಬೆಟ್ಟ

ಚಿಕ್ಕವನಿದ್ದಾಗ ನನಗೊಂದು ಗೊಂದಲವಿತ್ತು. ಮುಂಗಾರಿಗೆ ಮುಂಚೆ ಅಪ್ಪ ಆಳುಗಳಿಗೆ, "ಇವತ್ತು ಕೆಳಗಿನ ಬ್ಲಾಕಿಗೆ ಮಸೂರಿ ಹಾಕಿ" ಎನ್ನುತ್ತಿದ್ದರು. ನನಗೆ ಗೊತ್ತಿದ್ದ ಮಸೂರಿ ಎಂದರೆ ಅಕ್ಕಿ. ಕಾಫಿ ಗಿಡಕ್ಕೆ ಅಕ್ಕಿ ಯಾಕೆ? ಗೋಡೌನಿಗೆ ಹೋಗಿ ಮೂಟೆ ಬಿಚ್ಚಿ ನೋಡಿದರೆ ಒಳಗೆ ಬೂದು ಬಣ್ಣದ ಹುಡಿ, ಸಿಮೆಂಟಿನಷ್ಟು ನುಣ್ಣಗೆ. ಅದು ರಾಕ್ ಫಾಸ್ಫೇಟ್, ಹಿಮಾಲಯದ ಬುಡದ ಮಸ್ಸೂರಿ ಬೆಟ್ಟದಿಂದ ಬಂದ ಕಲ್ಲಿನ ಪುಡಿ ಅಂತ ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ. ಮಸ್ಸೂರಿ ಫಾಸ್ ಎಂಬ ಹೆಸರು ನಮ್ಮ ಕಡೆ ಬಾಯಿಂದ ಬಾಯಿಗೆ ಸವೆದು ಬರೀ ಮಸೂರಿ ಆಗಿತ್ತು.

ಆ ಮೂಟೆ ಈಗ ಬರುವುದಿಲ್ಲ. ಬೇರೆ ಹೆಸರಿನ, ಬೇರೆ ಊರಿನ ಮೂಟೆ ಬರುತ್ತದೆ. ಅಪ್ಪನ ಹಾಗೆ ನಾನೂ ಅದು ಎಲ್ಲಿಂದ ಬಂತು ಅಂತ ಕೇಳದೆ ಗಿಡದ ಬುಡಕ್ಕೆ ಸುರಿಸುತ್ತಾ ಬಂದೆ. ಕೇಳುವ ಹಾಗೆ ಮಾಡಿದ್ದು ಎರಡು ಸಂಗತಿ. ಒಂದು, 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಹೊರಟ ಒಂದು ಆದೇಶ. ಇನ್ನೊಂದು, ನಮ್ಮೂರಿನ ಕಲ್ಲುಕೋರೆಯ ಜಗಳ. ಮೇಲ್ನೋಟಕ್ಕೆ ಎರಡಕ್ಕೂ ಸಂಬಂಧ ಇಲ್ಲ.

ಕೊಡಗಿನಲ್ಲಿ ಫಾಸ್ಫೇಟ್ ಗಣಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಇರುವುದು ಅದರ ಹಸಿವು ಮಾತ್ರ.

ನಾವು ಮಳೆಯನ್ನು ಇಂಚಿನಲ್ಲಿ ಲೆಕ್ಕ ಹಾಕುವ ಜನ. ಮಡಿಕೇರಿಯಲ್ಲಿ ವರ್ಷಕ್ಕೆ ನೂರಿಪ್ಪತ್ತು ಇಂಚು ಮಾಮೂಲಿ. ಭಾಗಮಂಡಲದ ಕಡೆ 200 ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಇಷ್ಟು ನೀರು ಸಾವಿರಾರು ವರ್ಷ ಒಂದೇ ನೆಲದ ಮೇಲೆ ಸುರಿದರೆ ಮಣ್ಣಿನ ಸುಣ್ಣದಂಶ ತೊಳೆದು ಹೋಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ. ಮಣ್ಣು ಕೆಂಪಾಗುತ್ತದೆ, ಹುಳಿಯಾಗುತ್ತದೆ. ಈ ಕಬ್ಬಿಣಕ್ಕೂ ಅಲ್ಯೂಮಿನಿಯಂಗೂ ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು, ಕಂಡರೆ ಬಿಡದ ಚಟ. ಹಿಡಿದು ಕಟ್ಟಿಹಾಕುತ್ತವೆ. ಬೇರಿಗೆ ಸಿಗುವುದು ಸ್ವಲ್ಪವೇ. ಬೇರು ಇಳಿಯಲು, ಸಸಿ ಏಳಲು ರಂಜಕ ಬೇಕೇ ಬೇಕು. ಹಾಗಾಗಿ ಹೊರಗಿನಿಂದ ತಂದು ಹಾಕಬೇಕು.

ರಾಕ್ ಫಾಸ್ಫೇಟ್ ನೀರಿನಲ್ಲಿ ಕರಗುವ ಗೊಬ್ಬರವಲ್ಲ. ಬಯಲುಸೀಮೆಯ ಕಪ್ಪು ಮಣ್ಣಿಗೆ ಹಾಕಿದರೆ ಕಲ್ಲು ಕಲ್ಲಾಗಿಯೇ ಕೂತಿರುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಮಾತ್ರ ನಿಧಾನವಾಗಿ ಕರಗುತ್ತದೆ. ಕಾರ್ಖಾನೆಯಲ್ಲಿ ಆಸಿಡ್ ಮಾಡುವ ಕೆಲಸವನ್ನು ಇಲ್ಲಿ ಮಣ್ಣೇ ಮಾಡುತ್ತದೆ. ಅದಕ್ಕೇ ಕೊಡಗಿನ ಕಾಫಿಗೆ, ಕೇರಳದ ರಬ್ಬರಿಗೆ, ನೀಲಗಿರಿಯ ಚಹಾಕ್ಕೆ ಈ ಪುಡಿ ಹೇಳಿಮಾಡಿಸಿದ ಹಾಗೆ. ದೇಶದ ಕಾಫಿಯಲ್ಲಿ ಮೂರರಲ್ಲೊಂದು ಪಾಲು ಬೆಳೆಯುವ ಜಿಲ್ಲೆ ನಮ್ಮದು. ನಮ್ಮ ಗೋಡೌನುಗಳು ಒಟ್ಟಾಗಿ ಒಂದು ಸಣ್ಣ ಗುಡ್ಡವನ್ನಾದರೂ ತಿಂದಿರಬೇಕು.

ಆ ಗುಡ್ಡ ಯಾವುದು? ಅಪ್ಪನ ಕಾಲದ ಮೂಟೆ ಬರುತ್ತಿದ್ದದ್ದು ಡೆಹ್ರಾಡೂನ್ ಪಕ್ಕದ ಮಾಲ್‌ದೇವ್ತಾ, ದುರ್ಮಾಲಾ ಗಣಿಗಳಿಂದ. ಅಗೆಯುತ್ತಿದ್ದದ್ದು ಪೈರೈಟ್ಸ್, ಫಾಸ್ಫೇಟ್ಸ್ ಆ್ಯಂಡ್ ಕೆಮಿಕಲ್ಸ್ ಎಂಬ ಕೇಂದ್ರ ಸರ್ಕಾರದ ಕಂಪನಿ. ಅದೇ ಕಣಿವೆಯಲ್ಲಿ ಸುಣ್ಣಕಲ್ಲಿನ ಕೋರೆಗಳೂ ಇದ್ದವು, ಸಾಲು ಸಾಲಾಗಿ. ಬೆಟ್ಟದ ಮೈ ಸುಲಿದು ಬಿಳಿ ಗಾಯ ಕಾಣುತ್ತಿತ್ತು. ತೊರೆಗಳು ಬತ್ತಿದವು, ಮಳೆಗಾಲದಲ್ಲಿ ಕಲ್ಲುಮಣ್ಣು ಹೊಲಗದ್ದೆಗೆ ಇಳಿಯಿತು. 1983ರಲ್ಲಿ ಅಲ್ಲಿನ ರೂರಲ್ ಲಿಟಿಗೇಷನ್ ಆ್ಯಂಡ್ ಎಂಟೈಟಲ್‌ಮೆಂಟ್ ಕೇಂದ್ರ ಎಂಬ ಸಂಸ್ಥೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆಯಿತು. ಕೋರ್ಟು ಪತ್ರವನ್ನೇ ಅರ್ಜಿ ಅಂತ ತೆಗೆದುಕೊಂಡಿತು. 1985ರ ಮಾರ್ಚ್ 12ರಂದು ಅನೇಕ ಕೋರೆಗಳನ್ನು ಮುಚ್ಚಲು ಆದೇಶ ಬಂತು. ಗುತ್ತಿಗೆದಾರರಿಗೆ ನಷ್ಟ ಆಗುತ್ತದೆ, ಆದರೆ ಜನ ಆರೋಗ್ಯವಾಗಿ ಬದುಕುವ ಹಕ್ಕಿಗೆ ಆ ಬೆಲೆ ತೆರಲೇಬೇಕು ಅಂತ ಕೋರ್ಟು ಹೇಳಿತು. ಪರಿಸರದ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು ಇಷ್ಟು ದೊಡ್ಡದಾಗಿ ಕೈ ಹಾಕಿದ ಮೊದಮೊದಲ ಕೇಸು ಅದು.

ಕೇಸು ಸುಣ್ಣಕಲ್ಲಿನದು, ಫಾಸ್ಫೇಟಿನದಲ್ಲ. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆದರೂ ಕಣಿವೆ ಒಂದೇ, ನೀರು ಒಂದೇ. ಆ ಕಣಿವೆಯ ಜನ ಕೋರ್ಟಿನ ಬಾಗಿಲು ತಟ್ಟುತ್ತಿದ್ದ ವರ್ಷಗಳಲ್ಲೇ ನಾನು ಗೋಡೌನಿನಲ್ಲಿ ಕೂತು ಇದು ಯಾಕೆ ಅಕ್ಕಿಯ ಹಾಗಿಲ್ಲ ಅಂತ ನೋಡುತ್ತಿದ್ದೆ.

ಆಮೇಲೆ ಆ ಕಂಪನಿ ಮುಚ್ಚಿತು. ಮೂಟೆಯ ಮೇಲಿನ ಹೆಸರು ಬದಲಾಯಿತು. ಈಗ ದೇಶದ ಅತಿ ದೊಡ್ಡ ರಾಕ್ ಫಾಸ್ಫೇಟ್ ಗಣಿ ಇರುವುದು ರಾಜಸ್ಥಾನದ ಉದಯಪುರದ ಹತ್ತಿರ, ಝಾಮರ್‌ಕೋಟ್ರಾದಲ್ಲಿ. 1968ರಲ್ಲಿ ಅಲ್ಲಿ ಕಲ್ಲು ಸಿಕ್ಕಿತು. ಅರಾವಳಿಯ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ರಾಜ್ಯ ಸರ್ಕಾರದ ಗಣಿ ಕಂಪನಿ ತೆಗೆಯುತ್ತಿದೆ. ಅದು ಸಾಲುವುದಿಲ್ಲ. ಭಾರತದ ಫಾಸ್ಫೇಟ್ ಅಗತ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಹೊರಗಿನದೇ, ಕಲ್ಲಾಗಿ, ಆಸಿಡ್ ಆಗಿ ಅಥವಾ ತಯಾರಾದ ಡಿಎಪಿ ಎಂಬ ರಂಜಕದ ಗೊಬ್ಬರವಾಗಿ. ಜೋರ್ಡನ್, ಮೊರೊಕ್ಕೊ, ಈಜಿಪ್ಟ್, ಟೋಗೊ, ಸೌದಿ, ಚೀನಾ. ಜಗತ್ತಿನ ಫಾಸ್ಫೇಟ್ ನಿಕ್ಷೇಪದಲ್ಲಿ ಮೂರರಲ್ಲಿ ಎರಡು ಪಾಲು ಮೊರೊಕ್ಕೊ ಮತ್ತು ಅದರ ಹಿಡಿತದಲ್ಲಿರುವ ಪಶ್ಚಿಮ ಸಹಾರಾದಲ್ಲಿದೆ. ಚೀನಾ ಈಚೆಗೆ ರಫ್ತಿಗೆ ಬಿಗಿ ಹಾಕಿದಾಗ ಡಿಎಪಿಗೆ ಇಲ್ಲಿ ಪರದಾಟ ಶುರುವಾಯಿತು. 50 ಕಿಲೋ ಮೂಟೆಗೆ 1,350 ರೂಪಾಯಿ ಅಂತ ಸರ್ಕಾರ ಬೆಲೆ ಕಟ್ಟಿದೆ, ಸರಿ. ಅಂಗಡಿಯಲ್ಲಿ ಮೂಟೆಯೇ ಇಲ್ಲದಿದ್ದರೆ ಬೆಲೆ ಕಟ್ಟಿಕೊಂಡು ಏನು ಮಾಡುವುದು?

ಸರ್ಕಾರದ ಆತಂಕ ಸುಳ್ಳಲ್ಲ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು.

ಅಹವಾಲು ಬೇಡ ಎಂದ ಆದೇಶ

2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 30 ಖನಿಜಗಳನ್ನು ದೇಶಕ್ಕೆ ನಿರ್ಣಾಯಕ ಅಂತ ಪಟ್ಟಿ ಮಾಡಿತು. ಲಿಥಿಯಂ, ಕೋಬಾಲ್ಟ್ ಜೊತೆಗೆ ರಂಜಕ, ಪೊಟ್ಯಾಶ್ ಕೂಡ ಅದರಲ್ಲಿವೆ. ಅದೇ ವರ್ಷ 1957ರ ಗಣಿ ಕಾಯ್ದೆಗೆ ತಿದ್ದುಪಡಿ ಬಂತು. ಮೊದಲ ಶೆಡ್ಯೂಲಿನಲ್ಲಿ ಡಿ ಎಂಬ ಹೊಸ ಭಾಗ ಸೇರಿ, ಅದರಲ್ಲಿ 24 ಖನಿಜಗಳು ಬಂದವು. ಅವುಗಳಲ್ಲಿ ಒಂದು ಯುರೇನಿಯಂ ಇಲ್ಲದ ಫಾಸ್ಫೇಟ್. ಯುರೇನಿಯಂ ಇಲ್ಲದ ಅಂತ ಯಾಕೆ ಎತ್ತಿ ಹೇಳಿದ್ದಾರೆ ಅಂದರೆ, ಫಾಸ್ಫೇಟ್ ಕಲ್ಲಿನಲ್ಲಿ ಯುರೇನಿಯಂ, ಕ್ಯಾಡ್ಮಿಯಂ ಅಷ್ಟಿಷ್ಟು ಸೇರಿಕೊಂಡಿರುವುದು ಹೊಸದೇನಲ್ಲ. ಗಣಿಯ ಪಕ್ಕದ ಊರಿನವರಿಗೆ ದೂಳಿನ ಭಯ ಸುಮ್ನೆ ಹುಟ್ಟಿದ್ದಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಪರಿಸರ ಸಚಿವಾಲಯ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಣು ಖನಿಜಗಳಿಗೂ ಈ ಡಿ ಭಾಗದ ಖನಿಜಗಳಿಗೂ ಗಣಿ ಮಾಡುವಾಗ ಸಾರ್ವಜನಿಕ ಅಹವಾಲು ಬೇಕಿಲ್ಲ ಎಂದಿತು. ಗಣಿ ಸಣ್ಣದಿರಲಿ ದೊಡ್ಡದಿರಲಿ, ಅರ್ಜಿಯನ್ನು ದೆಹಲಿಯಲ್ಲೇ ನೋಡುತ್ತಾರೆ. ಕೊಟ್ಟ ಕಾರಣ ದೇಶದ ರಕ್ಷಣೆ, ಭದ್ರತೆ. ಅಣು ಖನಿಜಕ್ಕೆ, ಕ್ಷಿಪಣಿಗೆ ಬೇಕಾದ ಅಪರೂಪದ ಲೋಹಕ್ಕೆ ಈ ಮಾತು ಅನ್ವಯಿಸಬಹುದೇನೋ. ಗೊಬ್ಬರದ ಕಲ್ಲಿಗೆ? ರಕ್ಷಣೆಯ ಹೆಸರಿನಲ್ಲಿ ಹೊರಟ ಬಸ್ಸಿಗೆ ಫಾಸ್ಫೇಟೂ ಟಿಕೆಟಿಲ್ಲದೆ ಹತ್ತಿಕೊಂಡಿತು. ಡಿ ಭಾಗದಲ್ಲಿ ಹೆಸರಿತ್ತು, ಅಷ್ಟೆ.

ಅಹವಾಲು ಅಂದರೆ ಏನು ಅಂತ ಕಂಡವರಿಗೆ ಅದರ ಮೇಲೆ ಅಂಥ ಭಕ್ತಿ ಏನೂ ಇರುವುದಿಲ್ಲ. 2006ರ ಅಧಿಸೂಚನೆಯ ಪ್ರಕಾರ 30 ದಿನ ಮುಂಚೆ ಪೇಪರಿನಲ್ಲಿ ಪ್ರಕಟಣೆ. ಗಣಿಯ ಜಾಗದಲ್ಲೋ ಹತ್ತಿರದಲ್ಲೋ ಶಾಮಿಯಾನ. ವೇದಿಕೆ ಮೇಲೆ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಬಂದ ಹಿರಿಯ ಅಧಿಕಾರಿ, ಮಾಲಿನ್ಯ ನಿಯಂತ್ರಣ ಮಂಡಳಿಯವರು, ವಿಡಿಯೊ ಕ್ಯಾಮೆರಾ. ನಾನು ಒಮ್ಮೆ ಬೇರೆ ಜಿಲ್ಲೆಯ ಒಂದು ಅಹವಾಲಿಗೆ ನೆಂಟರ ಜೊತೆ ಹೋಗಿದ್ದೆ. ಕಂಪನಿಯ ಕಡೆಯವರು ಮೂರು ಬಸ್ಸಿನಲ್ಲಿ ಜನ ತುಂಬಿಕೊಂಡು ಬಂದಿದ್ದರು. ಪರಿಸರ ವರದಿ ಇದ್ದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಕೊಟ್ಟದ್ದು ನಾಲ್ಕು ಹಾಳೆ. ಮಧ್ಯಾಹ್ನದ ಹೊತ್ತಿಗೆ ಬಿರಿಯಾನಿ. ನಾಟಕ ಅನ್ನಿಸಿತ್ತು.

ಆದರೆ ಆ ನಾಟಕದ ನಡುವೆಯೇ ಒಬ್ಬ ಮುದುಕಿ ಎದ್ದು, "ನಮ್ಮ ಬಾವಿ ಈ ನಕ್ಷೆಯಲ್ಲಿ ಎಲ್ಲಿದೆ ತೋರಿಸಿ" ಅಂದಳು. ನಕ್ಷೆಯಲ್ಲಿ ಬಾವಿ ಇರಲಿಲ್ಲ. ಅದು ವಿಡಿಯೊದಲ್ಲಿ ದಾಖಲಾಯಿತು. ಮುಂದೆ ಯಾರಾದರೂ ಕೋರ್ಟಿಗೆ ಹೋದರೆ ಹಿಡಿದುಕೊಳ್ಳಲು ಅದೊಂದು ಎಳೆ. ಹೊಸ ಆದೇಶ ಕಿತ್ತುಕೊಂಡದ್ದು ಈ ಎಳೆಯನ್ನು. ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಬೇರೆ ದಾರಿ, ಅದು ಈಗಲೂ ಇದೆ. ಆದರೆ ಗಣಿಗೆ ಹೋಗುವ ಜಾಗ ಕಾಡಲ್ಲದಿದ್ದರೆ ಆ ದಾರಿ ಇಲ್ಲ.

ನನಗೆ ಕಸಿವಿಸಿ ಆಗುವುದು ಇನ್ನೊಂದು ಕಾರಣಕ್ಕೆ. ಫಾಸ್ಫೇಟ್ ಈ ಪಟ್ಟಿಗೆ ಬಂದದ್ದು ಯಾರಿಗೋಸ್ಕರ? ರೈತನಿಗೋಸ್ಕರ. ಅಂದರೆ ನನಗೋಸ್ಕರ. ಉದಯಪುರದ ಕಡೆಯೋ ಮಧ್ಯಪ್ರದೇಶದ ಝಾಬುವಾದ ಕಡೆಯೋ ಯಾವುದೋ ಹಳ್ಳಿಯ ಮುದುಕಿಗೆ ಬಾವಿ ಎಲ್ಲಿ ಅಂತ ಕೇಳುವ ಅವಕಾಶ ಹೋದದ್ದು ನನ್ನ ಹೆಸರಿನಲ್ಲಿ. ನನ್ನನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು.

ಎಪ್ಪಾವಲದ ಏಳು ಜನ

ಇಂಥದ್ದೇ ಪ್ರಶ್ನೆ ನಮ್ಮ ಪಕ್ಕದ ದೇಶದ ಹಳ್ಳಿಗೂ ಬಂದಿತ್ತು. ಶ್ರೀಲಂಕಾದ ಅನುರಾಧಪುರ ಜಿಲ್ಲೆಯ ಎಪ್ಪಾವಲ. 1971ರಲ್ಲಿ ಅಲ್ಲಿ ಫಾಸ್ಫೇಟ್ ನಿಕ್ಷೇಪ ಸಿಕ್ಕಿತು, ಸುಮಾರು 6 ಕೋಟಿ ಟನ್ ಎಂದು ಅಂದಾಜು. ಸರ್ಕಾರಿ ಕಂಪನಿ ವರ್ಷಕ್ಕೆ ಹತ್ತಾರು ಸಾವಿರ ಟನ್ ಅಗೆದು ಪುಡಿ ಮಾಡಿ ಅಲ್ಲಿನ ಚಹಾ, ರಬ್ಬರ್, ತೆಂಗಿನ ತೋಟಗಳಿಗೆ ಕೊಡುತ್ತಿತ್ತು. ನಮ್ಮ ಮಸೂರಿಯದೇ ಕಥೆ. ಊರಿಗೆ ಅದರಿಂದ ದೊಡ್ಡ ತಕರಾರು ಇರಲಿಲ್ಲ.

ತಕರಾರು ಬಂದದ್ದು 1990ರ ದಶಕದಲ್ಲಿ. ಅಮೆರಿಕದ ಫ್ರೀಪೋರ್ಟ್ ಮೆಕ್‌ಮೊರಾನ್ ನಂಟಿನ ಕಂಪನಿಯ ಜೊತೆ ಸರ್ಕಾರ ಒಪ್ಪಂದಕ್ಕೆ ಹೊರಟಿತು. 30 ವರ್ಷದಲ್ಲಿ ಸುಮಾರು 2.6 ಕೋಟಿ ಟನ್ ತೆಗೆಯುವುದು, ತ್ರಿಂಕೋಮಲಿಯಲ್ಲಿ ಕಾರ್ಖಾನೆ ಕಟ್ಟಿ ಆಸಿಡ್, ಗೊಬ್ಬರ ಮಾಡಿ ರಫ್ತು ಮಾಡುವುದು. ಸುಮಾರು 2,600 ಕುಟುಂಬ, 12,000 ಜನ ಜಾಗ ಬಿಡಬೇಕಾಗುತ್ತಿತ್ತು. ಅವರ ಗದ್ದೆ, ಶಾಲೆ, ಬೌದ್ಧ ವಿಹಾರ, ಕೆರೆ ಎಲ್ಲಾ ಆ ನಕ್ಷೆಯೊಳಗೆ.

ಕೆರೆಯ ಮಾತು ಬಂದಾಗ ಜಯಗಂಗಾ ಕಾಲುವೆಯ ಬಗ್ಗೆ ಹೇಳಲೇಬೇಕು. ಐದನೇ ಶತಮಾನದಲ್ಲಿ ಧಾತುಸೇನ ರಾಜ ಕಟ್ಟಿಸಿದ್ದು ಎಂಬ ಪ್ರತೀತಿ. ಕಲಾವೆವ ಎಂಬ ಕೆರೆಯಿಂದ ಅನುರಾಧಪುರಕ್ಕೆ ಸುಮಾರು 87 ಕಿಲೋಮೀಟರ್ ನೀರು ಒಯ್ಯುತ್ತದೆ. ಮೊದಲ 17 ಮೈಲಿಯಲ್ಲಿ ಇಳಿಜಾರು ಮೈಲಿಗೆ ಬರೀ ಆರು ಇಂಚು. ಆರು ಇಂಚು! ಕಕ್ಕಡ ತಿಂಗಳಲ್ಲಿ ನಮ್ಮಲ್ಲಿ ಒಂದು ದಿನಕ್ಕೆ ಬೀಳುವ ಮಳೆ. ಯಾವ ಯಂತ್ರವೂ ಇಲ್ಲದೆ ಅಷ್ಟು ಸೂಕ್ಷ್ಮವಾಗಿ ನೀರು ಹರಿಸಿದವರ ಕಾಲುವೆ ಆ ಗಣಿ ಪ್ರದೇಶದಲ್ಲೇ ಹಾದು ಹೋಗುತ್ತದೆ. ಅದರ ಪಕ್ಕ ಸಿಡಿಮದ್ದು ಇಟ್ಟರೆ ಏನಾಗಬಹುದು ಅಂತ ಯೋಚಿಸಲು ಎಂಜಿನಿಯರ್ ಆಗಬೇಕಿಲ್ಲ.

ಊರಿನವರು ಬೀದಿಗಿಳಿದರು. ಭಿಕ್ಕುಗಳು ಮುಂದೆ ನಿಂತರು. ಕೊನೆಗೆ ಏಳು ಜನ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋದರು. ಭತ್ತ ಬೆಳೆಯುವವರು, ಹಸು ಸಾಕುವವರು, ಜೊತೆಗೆ ವಿಹಾರದ ಮುಖ್ಯ ಭಿಕ್ಕು. 2000ದ ಜೂನ್‌ನಲ್ಲಿ ನ್ಯಾಯಮೂರ್ತಿ ಅಮೆರಸಿಂಘೆ ಬರೆದ ತೀರ್ಪು ಬಂತು. ಬುಲಾಂಕುಲಮ ಪ್ರಕರಣ ಎಂದು ಪರಿಸರ ಕಾನೂನು ಓದುವವರಿಗೆ ಚೆನ್ನಾಗಿ ಗೊತ್ತು.

ಆ ತೀರ್ಪಿನಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಅದು ಗಣಿಯೇ ಬೇಡ ಅನ್ನಲಿಲ್ಲ ಎಂಬುದು. ಅದು ಹಿಡಿದದ್ದು ವೇಗವನ್ನು ಮತ್ತು ದಾರಿಯನ್ನು. ಈಗಿನ ಹಾಗೆ ಅಗೆದರೆ ನೂರಾರು ವರ್ಷ ಬರುವ ಕಲ್ಲನ್ನು ಒಂದು ತಲೆಮಾರಿನಲ್ಲಿ ಖಾಲಿ ಮಾಡಿದರೆ ಮುಂದಿನವರ ಗತಿ ಏನು? ದೇಶದ ಪರಿಸರ ಕಾನೂನು ಹೇಳಿದ ದಾರಿ ಬಿಟ್ಟು, ಒಪ್ಪಂದವೇ ತನಗೆ ಬೇಕಾದ ಹಾಗೆ ಬೇರೆ ದಾರಿ ಬರೆದುಕೊಂಡರೆ ಹೇಗೆ? ನಿಕ್ಷೇಪದ ಪೂರ್ತಿ ಅಧ್ಯಯನ ಮಾಡಿ, ಅದನ್ನು ಜನರ ಮುಂದಿಟ್ಟು, ಕಾನೂನಿನ ಪ್ರಕಾರ ಪರಿಸರ ಪರಿಣಾಮದ ಪರಿಶೀಲನೆ ಮುಗಿಸದೆ ಯಾವ ಒಪ್ಪಂದವೂ ಬೇಡ ಎಂದು ಕೋರ್ಟು ಆದೇಶಿಸಿತು. ದೊಡ್ಡ ಗಣಿ ಬರಲಿಲ್ಲ. ಸಣ್ಣ ಗಣಿ ನಿಲ್ಲಲಿಲ್ಲ. ಎಪ್ಪಾವಲದ ಪುಡಿ ಅಲ್ಲಿನ ತೋಟಗಳಿಗೆ ಹೋಗುತ್ತಲೇ ಇದೆ.

ಇದು ಗೆದ್ದವರ ಕಥೆ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಎಪ್ಪಾವಲದಲ್ಲೂ ಕೆಲಸ ಸಿಗುತ್ತದೆ, ದೊಡ್ಡ ಕಂಪನಿ ಬರಲಿ ಎನ್ನುವವರು ಇದ್ದಿರಲೇಬೇಕಲ್ವಾ? ಊರು ಎಂದರೆ ಒಂದೇ ದನಿ ಎಂದು ದೂರದಿಂದ ಕಾಣುತ್ತದೆ. ಹತ್ತಿರ ಹೋದರೆ ಹಾಗಿರುವುದಿಲ್ಲ. ಅದು ನನಗೆ ಅರ್ಥವಾದದ್ದು ನಮ್ಮೂರಿನಲ್ಲೇ.

ನಮ್ಮ ಕೋರೆ, ನಮ್ಮ ಜಗಳ

ಕೊಡಗಿನಲ್ಲಿ ಗಣಿ ಎಂದರೆ ಕಪ್ಪು ಕಲ್ಲಿನ ಕೋರೆ, ಮುರಕಲ್ಲು, ಹೊಳೆಮರಳು. ತಲಕಾವೇರಿ ಕಡೆಯ ಕಾಡಿನಿಂದ ಆಗಾಗ ಹರಳು ಕಲ್ಲಿನ ಕಳ್ಳ ಅಗೆತದ ಸುದ್ದಿಯೂ ಬರುತ್ತದೆ. ಬಳ್ಳಾರಿಯ ಅದಿರಿನ ಮುಂದೆ ಇದೆಲ್ಲ ಚಿಲ್ಲರೆ. ಆದರೆ ಇಲ್ಲಿನ ನೆಲವೂ ಬಳ್ಳಾರಿಯ ನೆಲವಲ್ಲ.

2018ರ ಆಗಸ್ಟ್ ಆದ ಮೇಲೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಒಂದೇ ವಾರದಲ್ಲಿ ಗುಡ್ಡಗಳು ಜರಿದವು. ಮರುವರ್ಷ ತೋರ ಗ್ರಾಮ. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಮಳೆಯ ಜೊತೆ ಮನುಷ್ಯರು ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದೂ ಕಾರಣ ಎಂದರು. ಅವರು ಹೇಳಿದ್ದು ಕೋರೆಯೊಂದನ್ನೇ ಅಲ್ಲ. ಮನೆಗೆ, ರಸ್ತೆಗೆ, ರೆಸಾರ್ಟಿಗೆ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕಡಿದದ್ದೂ ಅದರಲ್ಲಿದೆ. ನನ್ನ ತೋಟದ ಮೇಲ್ಭಾಗದ ಒಂದು ಬರೆ ಆ ವರ್ಷ ಕೂತೇ ಹೋಯಿತು. ನಲವತ್ತು ವರ್ಷದ ರೊಬಸ್ಟಾ, ಅದಕ್ಕೆ ಹಬ್ಬಿಸಿದ್ದ ಮೆಣಸು, ನಾಲ್ಕು ಸಿಲ್ವರ್ ಓಕ್, ಎಲ್ಲಾ ಕೆಳಗಿನ ತೋಡಿಗೆ.

ಹಾಗಾಗಿ ಊರಿನ ಅಂಚಿನ ಕೋರೆಯನ್ನು ಇನ್ನಷ್ಟು ಅಗಲ ಮಾಡುತ್ತಾರೆ ಅಂತ ಗೊತ್ತಾದಾಗ ನಾನು ವಿರೋಧದ ಗುಂಪಿಗೆ ಸೇರಿದ್ದು ಸಹಜ. ಗ್ರಾಮಸಭೆ ಕರೆಸಿದೆವು. ಅಲ್ಲಿ ಏನಾಯಿತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಪೇಪರಿನಲ್ಲಿ ಬಂದದ್ದು ಬರೀ "ಗ್ರಾಮಸ್ಥರ ವಿರೋಧ".

ತೋಟದವರು ಎದ್ದು ಮನೆಗೋಡೆ ಬಿರುಕು, ಬತ್ತಿದ ತೋಡು, ಎಲೆ ಮೇಲೆ ಕೂರುವ ದೂಳು ಎಂದರು. ಎಲ್ಲಾ ನಿಜ. ಟಿಪ್ಪರ್ ಓಡಿಸುವ ಹುಡುಗರು ಎದ್ದು, ಬ್ಯಾಂಕಿನ ಕಂತು ಯಾರು ಕಟ್ಟುತ್ತೀರಿ ಎಂದರು. ಅದೂ ನಿಜ. ತೋಟದ ಕೂಲಿಯವರ ಲೈನ್‌ಮನೆಯ ಒಬ್ಬ ಹೆಂಗಸು, ತೋಟದಲ್ಲಿ ಮಳೆಗಾಲದಲ್ಲಿ ಕೆಲಸವೇ ಇರುವುದಿಲ್ಲ, ಕೋರೆಯಲ್ಲಿ ಮಗನಿಗೆ ದಿನಕ್ಕೆ ತೋಟಕ್ಕಿಂತ ಜಾಸ್ತಿ ಕೊಡುತ್ತಾರೆ ಎಂದಳು. ನಮ್ಮ ಗುಂಪಿನಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಪಂಚಾಯಿತಿಯವರು ರಸ್ತೆ ಹಾಳಾದ ಬಗ್ಗೆ ಬೇಸರ ತೋರಿಸಿದರು, ಹೊಸ ರಸ್ತೆಗೆ ಜಲ್ಲಿ ಎಲ್ಲಿಂದ ತರುವುದು ಎಂದೂ ಕೇಳಿದರು.

ಆಮೇಲೆ ಕಸ್ತೂರಿರಂಗನ್ ಬಂತು. ಕೊಡಗಿನ ಯಾವ ಸಭೆಯಲ್ಲಿ ಅದು ಬರುವುದಿಲ್ಲ ಹೇಳಿ? 2013ರ ಆ ವರದಿ ಪಶ್ಚಿಮ ಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್, ಕೊಡಗಿನ 55 ಹಳ್ಳಿ ಸೇರಿ. ಅಲ್ಲಿ ಗಣಿ, ಕಲ್ಲುಕೋರೆ, ಮರಳು ತೆಗೆಯುವುದು ನಿಷೇಧ, ಇರುವ ಗಣಿಗಳನ್ನು ಐದು ವರ್ಷದೊಳಗೆ ನಿಲ್ಲಿಸಬೇಕು. ಕೇಂದ್ರ ಕರಡು ಹೊರಡಿಸುತ್ತಲೇ ಇದೆ. 2024ರ ಜುಲೈ 31ರದ್ದು ಆರನೆಯದು. ರಾಜ್ಯ ಸಂಪುಟ ಆ ಸೆಪ್ಟೆಂಬರ್‌ನಲ್ಲಿ ಮತ್ತೆ ಬೇಡ ಎಂದಿತು. ಬೇಡ ಅಂತ ಬೀದಿಗಿಳಿದವರಲ್ಲಿ ನಮ್ಮ ತೋಟದವರೇ ಮುಂದೆ. ನಾನೂ ಒಂದು ಮೆರವಣಿಗೆಯಲ್ಲಿದ್ದೆ. ತೋಟಕ್ಕೆ ಏನೂ ತೊಂದರೆ ಇಲ್ಲ ಎಂದು ವರದಿ ಹೇಳುತ್ತದೆ ಎಂದವರನ್ನು ಆಗ ಯಾರೂ ನಂಬಲಿಲ್ಲ. ದೆಹಲಿಯಲ್ಲಿ ಕೂತು ಗೆರೆ ಎಳೆಯುವವರ ಮಾತನ್ನು ನಂಬುವುದು ಹೇಗೆ ಎಂಬುದೇ ವಾದವಾಗಿತ್ತು. ಅದಕ್ಕೆ ಮುಂಚಿನ, 2011ರ ಗಾಡ್ಗೀಳ್ ವರದಿ ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದಿತ್ತು. ಅದನ್ನು ನಾವು ಓದಲೇ ಇಲ್ಲ, ಬೇಡ ಎಂದುಬಿಟ್ಟೆವು.

ಟಿಪ್ಪರ್ ಹುಡುಗರಿಗೆ ಇದು ನೆನಪಿತ್ತು. "ಕೋರೆ ಬೇಡ ಅನ್ನುತ್ತೀರಿ, ಕೋರೆ ನಿಲ್ಲಿಸುವ ವರದಿಯೂ ಬೇಡ ಅನ್ನುತ್ತೀರಿ. ನಿಮಗೆ ಬೇಕಾದ್ದಾದರೂ ಏನು?" ಎಂದ ಒಬ್ಬ. ನಾವು ಕೂಗಾಡಿದೆವು. ಉತ್ತರ ಕೊಡಲಿಲ್ಲ. ಉತ್ತರ ಇತ್ತು, ಆಗ ಬಾಯಿಗೆ ಬರಲಿಲ್ಲ. ನಮಗೆ ಬೇಕಾದ್ದು ನಮ್ಮನ್ನು ಕೇಳುವುದು. ಕೋರೆಯವರು ಕೇಳಲಿಲ್ಲ, ಗೆರೆ ಎಳೆದವರೂ ಕೇಳಲಿಲ್ಲ. ಬಾವಿ ಎಲ್ಲಿ ಎಂದ ಮುದುಕಿಗೂ ನಮಗೂ ಅಷ್ಟರಲ್ಲಿ ವ್ಯತ್ಯಾಸ ಇಲ್ಲ.

ಅದೇ ಹುಡುಗ ಸಭೆ ಮುಗಿದ ಮೇಲೆ ನನ್ನ ಹತ್ತಿರ ಬಂದ. ಅವನ ಟಿಪ್ಪರ್ ಇಲ್ಲದ ದಿನ ಅವನು ಗೊಬ್ಬರದ ಲಾರಿ ಓಡಿಸುತ್ತಾನೆ. "ಅಣ್ಣ, ನಾನು ನಿಮ್ಮ ತೋಟಕ್ಕೆ ಇಳಿಸುವ ರಾಕ್ ಯಾವ ಬೆಟ್ಟದ್ದು? ಅಲ್ಲಿ ಗೋಡೆ ಬಿರುಕು ಬಿಡಲ್ವಾ?" ಎಂದ. ಕೆಣಕಲು ಕೇಳಿದ್ದೋ ನಿಜವಾಗಿ ಕೇಳಿದ್ದೋ ಗೊತ್ತಾಗಲಿಲ್ಲ. ಉದಯಪುರ ಇರಬೇಕು ಎಂದೆ. ಅವನು ಅಷ್ಟಕ್ಕೇ ಹೋದ.

ಆ ರಾತ್ರಿಯಿಂದ ನಾನು ಲೆಕ್ಕ ಹಾಕಲು ಕೂತೆ. ಲೆಕ್ಕ ಮಜವಾಗಿದೆ. ಕಾಫಿ ಹಣ್ಣು ತೋಟದಿಂದ ಹೊರಗೆ ಒಯ್ಯುವ ರಂಜಕ ತೀರಾ ಕಮ್ಮಿ. ಅದೇ ಹಣ್ಣು ಒಯ್ಯುವ ಸಾರಜನಕವೂ ಪೊಟ್ಯಾಶೂ ಅದರ ಹಲವು ಪಟ್ಟು ಜಾಸ್ತಿ. ಸಾರಜನಕ ಮಳೆಗೆ ತೊಳೆದು ಹೋಗುತ್ತದೆ, ಗಾಳಿಗೆ ಹಾರುತ್ತದೆ. ರಂಜಕ ಹಾಗಲ್ಲ. ಕಬ್ಬಿಣ ಕಟ್ಟಿಹಾಕಿದ್ದು ಮಣ್ಣಿನಲ್ಲೇ ಕೂತಿರುತ್ತದೆ, ವರ್ಷದಿಂದ ವರ್ಷಕ್ಕೆ ಸೇರುತ್ತದೆ. ಅಪ್ಪ ಹಾಕಿದ ಮಸೂರಿಯ ಒಂದಷ್ಟು ಪಾಲು ಇವತ್ತಿಗೂ ನನ್ನ ತೋಟದ ನೆಲದಲ್ಲಿದೆ. ಮಣ್ಣಿಗೆ ಸುಣ್ಣ ಹಾಕಿ ಹುಳಿ ಇಳಿಸಿದರೆ, ಎಲೆಗೊಬ್ಬರ, ಕಾಫಿ ಸಿಪ್ಪೆಯ ಕಾಂಪೋಸ್ಟ್ ಸೇರಿಸಿದರೆ ಅದರಲ್ಲಿ ಸ್ವಲ್ಪವಾದರೂ ಬೇರಿಗೆ ಸಿಗುತ್ತದೆ. ಒಂದು ಎಚ್ಚರ: ಸುಣ್ಣವನ್ನೂ ರಾಕ್ ಫಾಸ್ಫೇಟನ್ನೂ ಒಟ್ಟಿಗೆ ಹಾಕಬಾರದು. ಹುಳಿ ಇಳಿದರೆ ಕಲ್ಲು ಕರಗುವುದಿಲ್ಲ.

ರಂಜಕ ತೋಟ ಬಿಡುವ ದೊಡ್ಡ ದಾರಿ ಬೇರೆ. ಮಣ್ಣೇ ಕೊಚ್ಚಿ ಹೋದಾಗ ಅದರ ಜೊತೆ ಹೋಗುತ್ತದೆ. ಬರೆ ಕೂತ ವರ್ಷ ನನ್ನ ತೋಟದಿಂದ ಎಷ್ಟು ವರ್ಷದ ಮೂಟೆ ತೋಡಿಗೆ ಹೋಯಿತೋ! ತೋಡಿನಿಂದ ಹೊಳೆ, ಹೊಳೆಯಿಂದ ಹಾರಂಗಿಯ ಹಿನ್ನೀರು. ಅಲ್ಲಿ ಅದು ಪಾಚಿಗೆ ಗೊಬ್ಬರ. ಅರಾವಳಿಯ ಗುಡ್ಡ ಕಡಿದು ಒಂದೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ತಂದು ನಾನು ಬೆಳೆಸಿದ್ದು ಕಾಫಿಯನ್ನಷ್ಟೇ ಅಲ್ಲ.

ಇಷ್ಟು ವರ್ಷ ನಾನು ಮಣ್ಣು ಪರೀಕ್ಷೆ ಮಾಡಿಸಿದ್ದು ಎರಡೇ ಸಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ದೂರ ಅಂತ ನೆಪ ಹೇಳುವ ಹಾಗಿಲ್ಲ. ಪಕ್ಕದ ತೋಟದವನು ಎಷ್ಟು ಹಾಕಿದ ಅಂತ ನೋಡಿ ಹಾಕುವ ರೂಢಿ, ಅಷ್ಟೆ. ಕಾಫಿಗೆ ಬೆಲೆ ಬಂದ ವರ್ಷವಂತೂ ಕೈ ಇನ್ನೂ ಧಾರಾಳ. ದೇಶಕ್ಕೆ ಇಷ್ಟು ಫಾಸ್ಫೇಟ್ ಬೇಕು ಎಂಬ ಅಂಕಿ ದೆಹಲಿಗೆ ಹೋಗುವುದು ಹೀಗೆ ಸುರಿದ ಮೂಟೆಗಳನ್ನು ಕೂಡಿಸಿಯೇ. ಆ ಅಂಕಿಯನ್ನು ತೋರಿಸಿಯೇ ಅಹವಾಲು ಬೇಡ ಎನ್ನುವುದು ಸುಲಭವಾಗುತ್ತದೆ. ನಾವೆಲ್ಲ ಅಳೆದು ಹಾಕಿದರೂ ಗಣಿ ಬೇಕಾಗುತ್ತದೆ. ಗದ್ದೆಗೆ, ಗೋಧಿಗೆ ಬೇಕು. ಆದರೆ ಎಪ್ಪಾವಲದ ಕೇಸಿನಲ್ಲಿ ಕೋರ್ಟು ಕೇಳಿದ ವೇಗದ ಪ್ರಶ್ನೆಗೆ ಉತ್ತರ ಗಣಿಯ ಬಾಯಿಯಲ್ಲಿ ಎಷ್ಟಿದೆಯೋ ನನ್ನ ಗೋಡೌನಿನಲ್ಲೂ ಅಷ್ಟೇ ಇದೆ ಅನ್ನಿಸುತ್ತದೆ.

ಈ ಸಲ ಮೂರು ಬ್ಲಾಕಿನ ಮಣ್ಣು ಕೊಟ್ಟು ಬಂದೆ. ಎರಡರಲ್ಲಿ ರಂಜಕ ಬೇಕಾದಷ್ಟಿದೆ, ಬರೆ ಕೂತ ಬ್ಲಾಕಿನಲ್ಲಿ ಮಾತ್ರ ಕಮ್ಮಿ ಎಂದು ರಿಪೋರ್ಟ್ ಬಂತು. ಹೋದ ವರ್ಷದ ಮೂರರಲ್ಲೊಂದು ಪಾಲು ಮೂಟೆ ತರಿಸಿದೆ. ಇಳಿಸಲು ಬಂದವನು ಅದೇ ಹುಡುಗ. ಇಷ್ಟೇನಾ ಎಂದ. ರಿಪೋರ್ಟ್ ತೋರಿಸಿ, ಅವನ ಪ್ರಶ್ನೆಯಿಂದಲೇ ಇದೆಲ್ಲ ಆದದ್ದು ಎಂದೆ. ನಕ್ಕ. ಮೂಟೆ ಇಳಿಸಿ, ಟಾರ್ಪಾಲು ಮಡಚಿ, ಮೇಲಿನ ಬ್ಲಾಕಿನ ಕಡೆ ನೋಡಿದ. ಬರೆ ಜರಿದ ಜಾಗಕ್ಕೆ ನಾನು ಕಟ್ಟಿಸಿದ ತಡೆಗೋಡೆ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಹನ್ನೊಂದು ಲೋಡು ಕಪ್ಪು ಕಲ್ಲು, ನಮ್ಮೂರ ಕೋರೆಯದೇ. ತಂದು ಹಾಕಿದವನೂ ಅವನೇ. ಅದರ ಬಗ್ಗೆ ಅವನೂ ಏನೂ ಹೇಳಲಿಲ್ಲ, ನಾನೂ ಏನೂ ಹೇಳಲಿಲ್ಲ.